ಬೀರಪ್ಪನ ಟಗರಿನ ಹೊಟ್ಟೆಯ ನೀರು

ಹುಮನಾಬಾದಿನ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ನಿಂತಿದ್ದಾಗ ಕುರಿಗಾರನ ಹೆಂಡತಿಯ ಫೋನ್ ಬಂತು. ಅವತ್ತು ನಾನು ಅವರ ಹಿಂಡಿನ ಕಡೆಗೇ ಹೊರಟಿದ್ದೆ. ಯಾವಾಗ ಫೋನ್ ಮಾಡಿದರೂ ಅವಳು ಮೊದಲು ಕೇಳುತ್ತಿದ್ದುದು, "ಎಂಜಲ ಒಯ್ಯಾಕ ಎಷ್ಟೊತ್ತಿಗಿ ಬರ್ತೀರಿ ಬಾಯಾರ?" ಎಂದು. ಕುರಿಗಳ ಗಂಟಲಿಗೆ ನಳಿಗೆ ಇಳಿಸಿ ಹೊಟ್ಟೆಯ ನೀರು ತೆಗೆದುಕೊಂಡು ಹೋಗುವ ನನ್ನ ಕೆಲಸಕ್ಕೆ ಅವಳು ಇಟ್ಟ ಹೆಸರು ಅದು. ಅವತ್ತು ಎಂಜಲಿನ ಮಾತೇ ಬರಲಿಲ್ಲ.

"ಬಾಯಾರ, ಜಲ್ದಿ ಬರ್ರಿ. ಕುರಿಗೋಳು ಹ್ಯಾಂಗೋ ಮಾಡಾಕತ್ತಾವ."

ಚಹಾದ ಕಪ್ಪನ್ನು ಅರ್ಧಕ್ಕೇ ಇಟ್ಟು ಜೀಪು ಹತ್ತಿದೆ. ಹಳ್ಳಿಖೇಡದ ರಸ್ತೆಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ, ಏನಾದರೂ ಹುಲ್ಲು ತಿಂದು ಹೊಟ್ಟೆ ಉಬ್ಬಿರಬೇಕು, ನಾಲ್ಕು ಕುರಿಗೆ ಎಣ್ಣೆ ಕುಡಿಸಿದರೆ ಆಯಿತು ಎಂದು. ಕಬ್ಬು ಕಡಿದ ಹೊಲಗಳನ್ನು ದಾಟಿ ಅವರ ಹಟ್ಟಿಯ ಹತ್ತಿರ ಬಂದು ಇಳಿದಾಗ ಮೊದಲು ಗೊತ್ತಾದದ್ದು ವಾಸನೆ. ಹುಳಿ ಬಂದ ಹಿಟ್ಟಿನ ವಾಸನೆ. ಎಣ್ಣೆಯಿಂದ ಆಗುವ ಕೆಲಸ ಇದಲ್ಲ ಎಂದು ವಾಸನೆಯೇ ಹೇಳುತ್ತಿತ್ತು.

ಬಲೆಯ ಬೇಲಿಯೊಳಗೆ ಕುರಿಗಳು ಕುಡಿದವರ ಹಾಗೆ ತೂರಾಡುತ್ತಿದ್ದವು. ಕೆಲವು ಮಲಗಿ ಕುತ್ತಿಗೆ ಹಿಂದಕ್ಕೆ ಹೊರಳಿಸಿ ಹಲ್ಲು ಕಡಿಯುತ್ತಿದ್ದವು. ಹಿಕ್ಕೆಯ ಬದಲು ನೀರು ನೀರಾದ ಭೇದಿ, ಅದರಲ್ಲಿ ಇಡಿ ಇಡಿ ಜೋಳ. ಒಂದು ಮೂಲೆಯಲ್ಲಿ ಸತ್ತವನ್ನು ಸಾಲಾಗಿ ಮಲಗಿಸಿದ್ದರು. ಕುರಿಗಾರ ಅವುಗಳ ಪಕ್ಕ ಕಂಬಳಿ ಹೊದ್ದು ಕೂತಿದ್ದ. ನಾನು ಬಂದದ್ದನ್ನು ನೋಡಿದರೂ ಏಳಲಿಲ್ಲ.

ಇವರು ಬಸವಕಲ್ಯಾಣ ತಾಲೂಕಿನ ನಾರಾಯಣಪುರದ ಕಡೆಯವರು. ಬೇಸಿಗೆ ಬಂದರೆ ಹಿಂಡು ಹೊಡೆದುಕೊಂಡು ಹಳ್ಳಿಖೇಡದ ಸುತ್ತ ಬರುತ್ತಾರೆ. ಫಸಲು ತೆಗೆದ ಹೊಲದಲ್ಲಿ ರಾತ್ರಿ ಬಲೆ ಕಟ್ಟಿ ಕುರಿ ಕೂಡಿ ತರುಬುತ್ತಾರೆ. ಕುರಿಯ ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ಹೊಲದವರು ಜೋಳ ಕೊಡುತ್ತಾರೆ. ಹಿಂದಿನ ಸಂಜೆ ಹೊಲದ ಯಜಮಾನ ಇಡೀ ಸುಗ್ಗಿಯ ಜೋಳವನ್ನು ಒಮ್ಮೆಗೇ ಚೀಲಗಳಲ್ಲಿ ತಂದು ಇಳಿಸಿ ಹೋಗಿದ್ದ. ಜೋಳ ಬಂದ ಕೂಡಲೇ ಚೀಲದ ಬಾಯಿ ಬಿಚ್ಚಿ ಮೊದಲ ಹಿಡಿಯನ್ನು ಕುಲದೇವರು ಬೀರಪ್ಪನ ಹೆಸರಿಗೆ ಬಿಟ್ಟ ಟಗರಿಗೆ ತಿನ್ನಿಸಬೇಕು. ಅದು ಇವರ ಮನೆತನದ ಪದ್ಧತಿ. ಆ ಟಗರನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ, ಉಳಿದ ಕುರಿಗಳ ಜೊತೆ ಹಟ್ಟಿಯೊಳಗೆ ತರುಬುವಂತೆಯೂ ಇಲ್ಲ. ಗುಡಾರದ ಬಾಗಿಲಿಗೇ ಕಟ್ಟುತ್ತಾರೆ. ಹೆಂಡತಿ ಪ್ರತಿ ಚೀಲದ ಬಾಯಿಯನ್ನೂ ಬಿಚ್ಚಿ, ಪ್ರತಿಯೊಂದರಿಂದಲೂ ಚೂರು ಚೂರು ಸೇರಿಸಿ ಒಂದು ಹಿಡಿ ಮಾಡಿ ಟಗರಿನ ಬಾಯಿಗೆ ಕೊಟ್ಟಳು. ಅಷ್ಟರಲ್ಲಿ ಜಾಲರಿ ಬುಟ್ಟಿಯೊಳಗಿನ ಮರಿಗಳು ಅರಚಿದವು, ಅವಳು ಆ ಕಡೆ ಹೋದಳು. ಚೀಲ ಮತ್ತೆ ಕಟ್ಟಲಿಲ್ಲ. ಬೆಳಗಾಗುವಷ್ಟರಲ್ಲಿ ಬಲೆ ಒಂದು ಕಡೆ ನೆಲಕ್ಕೆ ಬಿದ್ದಿತ್ತು, ಚೀಲಗಳು ಖಾಲಿಯಾಗಿದ್ದವು.

"ನಾನೇ ಬಿಚ್ಚೀನ್ರಿ," ಎಂದಳು ಅವಳು. ಅದನ್ನು ಅವಳು ಆ ವಾರದಲ್ಲಿ ಎಷ್ಟು ಸಲ ಹೇಳಿದಳೋ. ನಾನು ಕೇಳದಿದ್ದರೂ ಹೇಳುತ್ತಿದ್ದಳು.

ನಾನು ಪಶುವೈದ್ಯೆಯಲ್ಲ. ಸೂಕ್ಷ್ಮಜೀವಿಗಳ ಕೆಲಸ ಮಾಡುವವಳು. ತಾಲೂಕಿನ ಪಶುವೈದ್ಯರಿಗೆ ಫೋನ್ ಹಚ್ಚಿದೆ. ಅವರು ಬರುವಷ್ಟರಲ್ಲಿ ಒಂದು ಕುರಿಯ ಹೊಟ್ಟೆಗೆ ನಳಿಗೆ ಇಳಿಸಿ ಎರಡು ಹನಿ ನೀರು ತೆಗೆದೆ. ಬಣ್ಣದ ಕಾಗದಕ್ಕೆ ಹಚ್ಚಿದರೆ ಕಡು ಹುಳಿ ತೋರಿಸಿತು. ಜೀಪಿನ ಬಾನೆಟ್ಟಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು ನೋಡಿದೆ. ಆರೋಗ್ಯದ ಕುರಿಯ ಹೊಟ್ಟೆಯ ನೀರಿನ ಒಂದು ಹನಿಯಲ್ಲಿ ಸಂತೆಯ ಗದ್ದಲ ಇರುತ್ತದೆ. ಇಲ್ಲಿ ಒಂದೂ ಮಿಸುಕುತ್ತಿರಲಿಲ್ಲ.

ವೈದ್ಯರು ಐವತ್ತು ದಾಟಿದವರು, ಮಾತು ಜೋರು, ಕೈ ಅದಕ್ಕಿಂತ ಚುರುಕು. ಬಂದವರೇ ಕೋಟು ಬಿಚ್ಚಿ ಬಿಸಾಕಿ, "ಬರೇ ನೀರ ಕುಡಿಸಬ್ಯಾಡ್ರಿ, ಒಂದಕ್ಕೂ ಕುಡಿಸಬ್ಯಾಡ್ರಿ. ಸೋಡಾ ಎಲ್ಲಿ ಸಿಗ್ತದ ನೋಡ್ರಿ," ಎಂದರು. ಹಳ್ಳಿಖೇಡದ ಕಿರಾಣಿ ಅಂಗಡಿಗಳಲ್ಲಿ ಇದ್ದ ಅಡುಗೆ ಸೋಡಾ ಎಲ್ಲವೂ ಆ ಹೊಲಕ್ಕೆ ಬಂತು. ಅವರು ಸೂಜಿ ಚುಚ್ಚಿದರು, ನಾನು ಮತ್ತು ಅವಳು ಕುರಿಗಳ ದವಡೆ ಅಗಲಿಸಿ ಸೋಡಾ ನೀರು ಹೊಯ್ದೆವು. ಬಿಸಿಲು ಏರಿದಂತೆಲ್ಲ ಸತ್ತವುಗಳ ಸಾಲು ಉದ್ದವಾಯಿತು. ಕುರಿಗಾರ ಎದ್ದು ಒಂದೊಂದನ್ನೇ ಎಳೆದು ಸಾಲಿಗೆ ಸೇರಿಸುತ್ತಿದ್ದ. ಒಮ್ಮೆ ಮಾತ್ರ ಬಾಯಿ ಬಿಟ್ಟ. "ಇದರ ಅವ್ವನ್ನ ನಮ್ಮಪ್ಪ ಎತ್ತಿ ಆಡಿಸ್ಯಾನ್ರಿ," ಎಂದ.

ಸಂಜೆಗೆ ಅರ್ಧಕ್ಕಿಂತ ಹೆಚ್ಚು ಹಿಂಡು ಹೋಗಿತ್ತು. ಮೂವತ್ತರ ಆಸುಪಾಸು ಕುರಿ ನಿಂತಿದ್ದವು.

ಉಳಿದವು ಉಳಿದವು ಎಂದೇ ನಾವು ತಿಳಿದೆವು. ಮರುದಿನ ಹೋಗಿ ಪರೀಕ್ಷೆ ಮಾಡಿದರೆ ಹುಳಿ ಇಳಿದಿತ್ತು, ಭೇದಿ ನಿಂತಿತ್ತು. ವೈದ್ಯರು ಕೈ ಒರೆಸಿಕೊಂಡು ನಕ್ಕರು. ಅವಳು ಹಸಿ ಹುಲ್ಲು ತಂದು ಮುಂದೆ ಹಾಕಿದಳು. ಕುರಿಗಳು ಮೂಸಿ ನೋಡಿ ಮುಖ ತಿರುಗಿಸಿದವು. ಒಂದೂ ಮೆಲುಕು ಹಾಕಲಿಲ್ಲ. ಅದರ ಮರುದಿನವೂ ಇಲ್ಲ. ಬುಟ್ಟಿಯೊಳಗಿನ ಮರಿಗಳು ಹಾಲಿಗಾಗಿ ಅರಚುತ್ತಿದ್ದವು, ತಾಯಂದಿರ ಕೆಚ್ಚಲು ಬತ್ತಿದ್ದವು.

ನನಗೆ ಕಾರಣ ಗೊತ್ತಿತ್ತು. ಕುರಿ ತಾನಾಗಿ ಹುಲ್ಲು ಅರಗಿಸಿಕೊಳ್ಳುವುದಿಲ್ಲ. ಅದರ ಮೊದಲ ಹೊಟ್ಟೆಯಲ್ಲಿ ಗಾಳಿ ಇಲ್ಲದ ಕತ್ತಲಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ, ಹುಲ್ಲನ್ನು ಕರಗಿಸುವುದು ಅವು. ಜೋಳದ ಹುಳಿಗೆ ಅವು ಅಷ್ಟೂ ಸತ್ತಿದ್ದವು. ಸೋಡಾ ಹುಳಿಯನ್ನು ಇಳಿಸಬಲ್ಲದು, ಸತ್ತದ್ದನ್ನು ಎಬ್ಬಿಸಲಾರದು. ಇನ್ನು ಈ ಕುರಿಗಳ ಬಾಯಿಗೆ ಏನು ಇಟ್ಟರೂ ಹೊಟ್ಟೆಯಲ್ಲಿ ಕೊಳೆಯಬೇಕಷ್ಟೆ. ಆರೋಗ್ಯದ ಕುರಿಯ ಹೊಟ್ಟೆಯ ನೀರನ್ನು ಇವುಗಳ ಹೊಟ್ಟೆಗೆ ಹಾಕಿ ಹೊಸದಾಗಿ ಬಿತ್ತನೆ ಮಾಡಬೇಕು.

"ಅದಕ್ಕೇನು, ಹುಮನಾಬಾದ ಮಟನ್ ಮಾರ್ಕೆಟಿನ್ಯಾಗ ಹೊಟ್ಟಿಗಿ ಬರಗಾಲ ಅದೇನು?" ಎಂದರು ವೈದ್ಯರು.

ನಾನೇ ಹೋದೆ. ಬೆಳಗಿನ ಹೊತ್ತು ಕಟುಕರು ತೆಗೆದು ಪಕ್ಕಕ್ಕೆ ಎಸೆದ ಹೊಟ್ಟೆಗಳನ್ನು ಸೀಳಿ, ಬಟ್ಟೆಯಲ್ಲಿ ಹಿಂಡಿ, ಬಕೆಟ್ಟು ತುಂಬಿಸಿ, ಕ್ಯಾನಿಗೆ ಸುರಿದುಕೊಂಡು ಬಂದೆ. ಕ್ಯಾನು ಅರ್ಧಕ್ಕಷ್ಟೇ ತುಂಬಿತ್ತು, ದಾರಿಯ ತಗ್ಗುಗಳಲ್ಲಿ ಜೀಪು ಹಾರಿದಾಗಲೆಲ್ಲ ಒಳಗೆ ಕುಲುಕಿ ನೊರೆ ಬಂತು. ಅದನ್ನೇ ಎಲ್ಲ ಕುರಿಗಳಿಗೂ ಕುಡಿಸಿದೆವು. ಮರುದಿನ ಇನ್ನೂ ನಾಲ್ಕು ಕುರಿ ಸತ್ತಿದ್ದವು, ನಿಂತವುಗಳ ಬಾಯಿ ಆಡಲಿಲ್ಲ.

ಕ್ಯಾನಿನ ತಳದಲ್ಲಿ ಉಳಿದದ್ದನ್ನು ಸೀಸೆಗೆ ಹಾಕಿ ಎರಡು ಹನಿ ನೀಲಿ ಬಣ್ಣ ಬೆರೆಸಿದೆ. ಇದು ನಮ್ಮಲ್ಲಿ ಹಳೆಯ ಪರೀಕ್ಷೆ. ನೀರು ಜೀವಂತವಾಗಿದ್ದರೆ ಅದರೊಳಗಿನ ಜೀವಿಗಳು ಕೆಲವೇ ನಿಮಿಷಗಳಲ್ಲಿ ನೀಲಿಯನ್ನು ಕಳೆದುಬಿಡುತ್ತವೆ. ನಾನು ಸೀಸೆ ಹಿಡಿದು ಬೇವಿನ ಗಿಡದ ಕೆಳಗೆ ಕೂತೆ. ಊಟದ ಹೊತ್ತು ಮೀರಿದರೂ ನೀಲಿ ನೀಲಿಯಾಗಿಯೇ ಇತ್ತು. ನಾವು ಕುಡಿಸಿದ್ದು ಸತ್ತ ನೀರು. ಅದನ್ನು ಕೊಂದದ್ದು ಗಾಳಿ.

ನಾನು ವರ್ಷಗಟ್ಟಲೆ ಓದುತ್ತ ಬಂದದ್ದೇ ಇದನ್ನು. ನಮಗೆ ಉಸಿರಾದ ಆಮ್ಲಜನಕ ಈ ಜೀವಿಗಳಿಗೆ ವಿಷ. ಅವುಗಳ ಮೈಯೊಳಗೆ ಹೊಕ್ಕರೆ ಬಟ್ಟೆಯ ಬಣ್ಣ ತೆಗೆಯುವ ಪುಡಿಯಂಥದೊಂದು ಸುಡುವ ವಸ್ತುವಾಗಿ, ಒಳಗಿನ ಪ್ರೋಟೀನು, ವಂಶದ ಎಳೆಯಾದ ಡಿಎನ್‌ಎ ಎಲ್ಲವನ್ನೂ ಕೊರೆದುಹಾಕುತ್ತದೆ. ಆದರೆ ಹುಲ್ಲು ಕಚ್ಚಿದಾಗಲೆಲ್ಲ ಕುರಿ ಒಂದಿಷ್ಟು ಗಾಳಿಯನ್ನೂ ನುಂಗುತ್ತದೆ. ಹಾಗಿದ್ದೂ ಹೊಟ್ಟೆಯೊಳಗಿನ ಸಂಸಾರ ಬದುಕಿರುವುದಕ್ಕೆ ಕಾರಣ, ಅವುಗಳಲ್ಲಿ ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಬಳಿ ಒಂದು ಬಗೆಯ ಪ್ರೋಟೀನು ಇದೆ. ಸುಡುವ ವಸ್ತು ಎದುರಾದ ಕೂಡಲೇ ಅದು ಅದನ್ನು ಹಿಡಿದು ನೀರನ್ನಾಗಿ ಮಾಡಿಬಿಡುತ್ತದೆ. ಆ ಬ್ಯಾಕ್ಟೀರಿಯಾ ಇದ್ದಲ್ಲಿ ಅಕ್ಕಪಕ್ಕದವೂ ಬದುಕುತ್ತವೆ. ಆ ಪ್ರೋಟೀನು ಯಾವ ಕುರಿಯ ಹೊಟ್ಟೆಯಲ್ಲಿ ಎಷ್ಟಿದೆ ಎಂದು ಅಳೆಯುವುದಕ್ಕೇ ನಾನು ಊರೂರು ತಿರುಗುತ್ತಿದ್ದುದು.

ಇಷ್ಟೆಲ್ಲ ತಿಳಿದವಳು ಬಕೆಟ್ಟಿನಲ್ಲಿ ಕಲಕಿ ತಂದೆ. ಅವಸರದಲ್ಲಿ ಬುದ್ಧಿ ಮಣ್ಣು ತಿಂದಿತ್ತು.

"ನಿಮ್ಮ ಲ್ಯಾಬಿನ್ಯಾಗ ಬೆಳೆಸಿದ್ದು ಅದಾವಲ್ರಿ, ಗಾಳಿಗಿ ಜಗ್ಗಲಾರದಂಥಾವು? ತಂದು ಕುಡಿಸಿಬಿಡ್ರಿ," ಎಂದರು ವೈದ್ಯರು.

"ಸಾಹೇಬ್ರ, ಅದು ಒಂದೇ ಜಾತಿ. ಬರೇ ಕಾವಲುಗಾರರನ್ನ ಕರ್ಕೊಂಡು ಬಂದು ಊರು ಕಟ್ಟಾಕ ಆಗ್ತದೇನ್ರಿ? ಹುಲ್ಲು ಕರಗಿಸೋವು ಬ್ಯಾರೆ," ಎಂದೆ.

"ಹಾಂಗಾದ್ರ ಪೂರಾ ಊರೇ ಬೇಕು ಅನ್ರಿ."

ಪೂರಾ ಊರೇ ಬೇಕಿತ್ತು. ಸುತ್ತ ತರುಬಿದ್ದ ಬೇರೆ ಕುರಿಗಾರರನ್ನು ಕೇಳಿದೆವು. ರೋಗ ಅಂಟೀತೆಂದು ಅವರು ಅಂದೇ ಹಿಂಡು ಎಬ್ಬಿಸಿಕೊಂಡು ನಿರ್ಣಾದ ಕಡೆ ಹೊರಟುಬಿಟ್ಟರು. ಸಂತೆಯ ಕುರಿ ಕೊಳ್ಳೋಣವೆಂದರೆ ಅವು ಮೇವಿಲ್ಲದೆ ಲಾರಿಯಲ್ಲಿ ಊರೂರು ಸುತ್ತಿ ಬಂದವು. ಒಂದರ ಹೊಟ್ಟೆಗೆ ನಳಿಗೆ ಇಳಿಸಿ ನೋಡಿದೆ, ಅದರಲ್ಲೂ ನೀಲಿ ಹೋಗಲಿಲ್ಲ. ಮರಿಗಳಿಗೆ ಇನ್ನೂ ಹುಲ್ಲಿನ ಹೊಟ್ಟೆಯೇ ಕೂಡಿರಲಿಲ್ಲ.

ಆಗ ಗುಡಾರದ ಬಾಗಿಲಲ್ಲಿ ಕಟ್ಟಿದ್ದ ಟಗರು ಕಂಡಿತು. ಅಲ್ಲೇ ಇತ್ತು, ಒಣ ಹುಲ್ಲು ತಿಂದು ಮೆಲುಕು ಹಾಕುತ್ತಿತ್ತು. ಆ ರಾತ್ರಿ ಅದಕ್ಕೆ ಸಿಕ್ಕಿದ್ದು ದೇವರ ಒಂದು ಹಿಡಿ ಜೋಳ ಮಾತ್ರ. ನನಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಆ ಹಿಂಡಿನಿಂದ ನಾನು ಒಯ್ದ ಮಾದರಿಗಳಲ್ಲಿ ಲ್ಯಾಬು ಮುಟ್ಟುವವರೆಗೂ ಜೀವ ಹಿಡಿದು ಬರುತ್ತಿದ್ದುದು ಈ ಟಗರಿನದೇ. ಆ ಪ್ರೋಟೀನು ಇದರ ಹೊಟ್ಟೆಯ ನೀರಿನಲ್ಲಿ ಇದ್ದಷ್ಟು ನಾನು ಬೇರೆಲ್ಲೂ ಕಂಡಿರಲಿಲ್ಲ.

ಮೊದಲು ನಳಿಗೆಯಿಂದಲೇ ತೆಗೆದೆವು. ಕುರಿಗಾರ ಬೇಡ ಎನ್ನಲಿಲ್ಲ, ಎಂಜಲು ಒಯ್ಯುವುದು ಅವನಿಗೆ ರೂಢಿಯಾಗಿತ್ತು. ಒಂದೆರಡು ಲೋಟ ಬಂತು. ತೀರಾ ಸೊರಗಿದ ಎರಡು ಕುರಿಗಳಿಗೆ ಗಾಳಿ ತಾಗದಂತೆ ನೇರವಾಗಿ ಇಳಿಸಿದೆವು. ಮರುದಿನ ನಾನು ಜೀಪಿನಿಂದ ಇಳಿಯುವ ಮೊದಲೇ ಅವಳು ಓಡಿ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಆ ಎರಡು ಕುರಿ ಮಲಗಿದ್ದವು. ಒಂದರ ಗಂಟಲಲ್ಲಿ ಉಂಡೆ ಏರಿತು, ದವಡೆ ಪಕ್ಕಕ್ಕೆ ಹೊರಳಿತು, ಮತ್ತೆ ಹೊರಳಿತು. ನಾವಿಬ್ಬರೂ ಅದನ್ನು ನೋಡುತ್ತ ನೆಲದ ಮೇಲೇ ಕೂತುಬಿಟ್ಟೆವು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಆದರೆ ಎರಡನೆಯ ಸಲ ನಳಿಗೆ ಇಳಿಸಿದಾಗ ಟಗರಿನ ಗಂಟಲಿನಿಂದ ರಕ್ತ ಬಂತು, ನೀರು ಬರೀ ಜೊಲ್ಲು. ಹೀಗೆ ಲೋಟ ಲೋಟ ತೆಗೆಯುತ್ತ ಹೋದರೆ ಉಳಿದವು ಅಷ್ಟರಲ್ಲಿ ಸಾಯುತ್ತವೆ. ವೈದ್ಯರು ನನ್ನನ್ನು ಜೀಪಿನ ಹಿಂದೆ ಕರೆದರು. "ಟಗರಿನ ಎಡಬದಿ ಹೊಟ್ಟಿ ಕೊಯ್ದು ಕೈ ಹಾಕಿ ತಗೀಬೇಕು. ಮರಗಟ್ಟೋ ಸೂಜಿ ಕೊಡ್ತೀನಿ, ಹೊಲೀತೀನಿ. ಮೂರರಾಗ ಒಂದ್ ಪಾಲು ಹೊಟ್ಟ್ಯಾಗೇ ಬಿಟ್ರ ಟಗರು ಉಳೀತದ," ಎಂದರು.

"ಈ ಧೂಳಿನ್ಯಾಗ?" ಎಂದೆ.

"ಮತ್ತ ಎಲ್ಲಿ ಮಾಡೂಣ? ನಿಮ್ಮ ಕಡಿ ಆಪರೇಷನ್ ಥೇಟರ್ ಅದೇನು?"

ಕುರಿಗಾರನಿಗೆ ಅವರೇ ಹೇಳಿದರು. ಅವನು ಪೂರ್ತಿ ಕೇಳಿ, ಕಂಬಳಿ ಕೊಡವಿ ಎದ್ದು ನಿಂತ. "ಬೀರಪ್ಪನ ಟಗರಿಗಿ ಕಬ್ಬಿಣ ಮುಟ್ಟಸಂಗಿಲ್ರಿ. ಅದರ ದಿನ ಬಂದಾಗ ದೇವ್ರ ಮುಂದ ಮುಟ್ಟಬೇಕು. ಈಗ ಮುಟ್ಟಿಸಿದ್ರ ನನ್ನ ಹಿಂಡ ಉಳೀತದೇನು?"

"ಹಿಂಡ ಎಲ್ಲದ?" ಎಂದಳು ಹೆಂಡತಿ. ಅಷ್ಟು ದಿನ ಅವನ ಮುಂದೆ ತಲೆ ಎತ್ತದೆ ಇದ್ದವಳು. "ತೋರಸ್ರಿ ನನಗ, ಎಲ್ಲದ ಹಿಂಡ? ಇವು ಪೂರಾ ಹೋದ್ರ ಬೀರಪ್ಪಗ ಮುಂದಿನ ಟಗರು ಯಾವ ಕುರಿ ಹೊಟ್ಟ್ಯಾಗಿಂದ ತಂದು ಬಿಡ್ತೀರಿ?"

ಅವನು ಅವಳನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದ. "ಬಾಯಾರ, ನೀವು ಓದಿದವರು. ಇದರ ಹೊಟ್ಟ್ಯಾಗಿಂದು ಅವುಕ್ಕ ಹಾಕಿದ್ರ ಏನಾಗ್ತದ? ಖರೆ ಖರೆ ಹೇಳ್ರಿ."

ನಾನೂ ಇದೇ ಸೀಮೆಯವಳು. ಅವನಿಗೆ ತಿಳಿಯುವ ಹಾಗೆ ಹೇಳಿದೆ. "ಯಜಮಾನ್ರ, ಟಗರಿನ ಹೊಟ್ಟ್ಯಾಗ ಕಣ್ಣಿಗಿ ಕಾಣಲಾರದಂಥ ಜೀವ ಅದಾವ. ಅವು ಕುರಿಗೋಳ ಹೊಟ್ಟ್ಯಾಗ ಹೋಗಿ ಮನಿ ಮಾಡ್ತಾವ, ಮರಿ ಹಾಕ್ತಾವ. ಅವು ಇರೂತನ ಕುರಿ ಬದುಕ್ತದ."

"ಅಂದ್ರ ಟಗರಿನ ಜೀವನೇ ಅವುಕ್ಕ ಹೋಗ್ತದ."

"ಹೌದ್ರಿ, ಹಾಂಗೇ ತಿಳ್ಕೋರಿ."

ಅವನು ಟಗರಿನ ಬೆನ್ನ ಮೇಲೆ ಕೈಯಾಡಿಸಿದ. ಆಮೇಲೆ ವೈದ್ಯರಿಗೆ, "ಸಾಯಂಗಿಲ್ಲಲ್ರಿ ಸಾಹೇಬ್ರ?" ಎಂದು ಕೇಳಿದ. "ಇಂಥಾವು ಭಾಳ ಮಾಡೇನಿ, ನೀ ಹೆದರಬ್ಯಾಡ," ಎಂದರು ಅವರು. ಕುರಿಗಾರ ಸೊಂಟದ ಚೀಲದಿಂದ ದೇವರ ಅರಿಶಿನ, ಭಂಡಾರ, ತೆಗೆದು ಟಗರಿನ ಹಣೆಗೆ ಹಚ್ಚಿದ. "ನಾ ಹಿಡಿಯಂಗಿಲ್ಲ," ಎಂದು ಹೊಲದ ಬದುವಿನ ಆಚೆ ಹೋಗಿ ಬೆನ್ನು ತಿರುಗಿಸಿ ಕೂತ.

ಈ ಸಲ ನಾನು ಗಾಳಿಗೆ ಒಂದು ಹನಿಯನ್ನೂ ಬಿಡಬಾರದೆಂದು ಹಟ ಹಿಡಿದಿದ್ದೆ. ಹುಮನಾಬಾದಿನ ಸೋಡಾ ಮಾಡುವ ಅಂಗಡಿಯವನ ಕಾಲು ಹಿಡಿಯುವುದೊಂದು ಬಾಕಿ, ಅವನ ಗ್ಯಾಸಿನ ಸಿಲಿಂಡರ್ ಇಸಿದುಕೊಂಡು ಬಂದೆ. ಸೋಡಾದಲ್ಲಿ ಗುಳ್ಳೆ ಬರಿಸುವ ಆ ಗ್ಯಾಸು ಗಾಳಿಗಿಂತ ಭಾರ. ಕ್ಯಾನಿನ ತಳಕ್ಕೆ ಅದರ ನಳಿಗೆ ಬಿಟ್ಟರೆ ಗಾಳಿಯನ್ನು ಮೇಲಕ್ಕೆ ತಳ್ಳಿ ತಾನು ಒಳಗೆ ತುಂಬಿಕೊಂಡು ನಿಲ್ಲುತ್ತದೆ. ಕ್ಯಾನನ್ನು ಬಿಸಿನೀರಿನ ಬಾನಿಯಲ್ಲಿ ಕೂರಿಸಿದೆವು. ಉಳಿದ ಕುರಿಗಳನ್ನೆಲ್ಲ ತಂದು ಟಗರಿನ ಸುತ್ತಲೇ ಗೂಟ ಹೊಡೆದು ಕಟ್ಟಿದೆವು. ನೀರು ಎಷ್ಟು ಕಡಿಮೆ ದೂರ ನಡೆದರೆ ಅಷ್ಟು ಒಳ್ಳೆಯದು.

ಅವಳು ಟಗರಿನ ಕೊಂಬು ಹಿಡಿದು ಅದರ ಮುಖವನ್ನು ತನ್ನ ಮಡಿಲಿಗೆ ಒತ್ತಿಕೊಂಡಳು. ವೈದ್ಯರು ಉಣ್ಣೆ ಬೋಳಿಸಿ, ಔಷಧಿಯಲ್ಲಿ ತೊಳೆದು, ಚುಚ್ಚಿ, ಕಾದು, ಸೀಳಿದರು. ಚರ್ಮ, ಮಾಂಸದ ಪದರ, ಆಮೇಲೆ ಹೊಟ್ಟೆಯ ಗೋಡೆ. ಅದನ್ನು ಹೊರಗೆಳೆದು ಅಂಚನ್ನು ಹಿಡಿದಿಟ್ಟು ಬಾಯಿ ತೆರೆದರು. ಹುಲ್ಲಿನ ಬಿಸಿ ಹಬೆ ಎದ್ದಿತು. ನಾನು ದಪ್ಪ ನಳಿಗೆಯನ್ನು ಒಳಕ್ಕೆ ಮುಳುಗಿಸಿ ಇನ್ನೊಂದು ತುದಿಯನ್ನು ಕ್ಯಾನಿನ ತಳಕ್ಕೆ ಬಿಟ್ಟೆ. ಹಸಿರು ನೀರು ಇಳಿಯಿತು. ಒಂದು ಸೀಸೆಗೆ ನೀಲಿ ಹಾಕಿ ಜೇಬಿನಲ್ಲಿಟ್ಟುಕೊಂಡೆ. ಮೊದಲ ಕುರಿಗೆ ಕುಡಿಸಿ ಮುಗಿಯುವಷ್ಟರಲ್ಲಿ ತೆಗೆದು ನೋಡಿದರೆ ನೀಲಿಯ ಸುಳಿವೇ ಇರಲಿಲ್ಲ.

ಒಂದೊಂದಕ್ಕೆ ಒಂದು ದೊಡ್ಡ ಲೋಟ. ಹದಿನೈದಿಪ್ಪತ್ತು ಕುರಿ ಮುಗಿದಾಗ ವೈದ್ಯರು ಒಳಗೆ ಕೈ ಹಾಕಿ ಅಳತೆ ನೋಡಿ, "ಬಸ್. ಇನ್ನ ಉಳಿದಿದ್ದು ಟಗರಿಂದು," ಎಂದರು.

ಇನ್ನೂ ಏಳೆಂಟು ಕುರಿ ಕಟ್ಟಿದ್ದವು. ಅವಳು ಅವುಗಳನ್ನು ನೋಡಿದಳು. ಅದರಲ್ಲಿ ಹೆಚ್ಚಿನವು ಹೊಸದಾಗಿ ಈದ ಕುರಿಗಳು, ಬುಟ್ಟಿಯೊಳಗಿನ ಮರಿಗಳ ತಾಯಂದಿರು.

"ಪೂರಾ ತಗೀರಿ," ಎಂದಳು.

"ಅವ್ವಾ, ತೆಗೆದ್ರ ಇದರ ಖಾತ್ರಿ ನಾ ಕೊಡಂಗಿಲ್ಲ."

"ಚೀಲ ಬಿಚ್ಚಿದಾಕಿ ನಾನು. ತಗೀರಿ ಅಂದೆ."

ವೈದ್ಯರು ನನ್ನ ಮುಖ ನೋಡಿದರು. ನಾನು ಬದುವಿನ ಆಚೆ ನೋಡಿದೆ. ಕುರಿಗಾರನ ಬೆನ್ನು ಅಲ್ಲಾಡಲಿಲ್ಲ. ನಾನು ನಳಿಗೆಯನ್ನು ಮತ್ತೆ ಇಳಿಸಿದೆ. ಕೊನೆಗೆ ಬಂದದ್ದು ಗಸಿ, ಅದನ್ನು ಬಿಸಿನೀರಿನಲ್ಲಿ ಕದಡಿ ಕುಡಿಸಿದೆವು. ಟಗರಿನ ಹೊಟ್ಟೆಗೆ ಉಪ್ಪು ನೀರು, ಒಂದು ಹಿಡಿ ಹುಲ್ಲು ತುಂಬಿ ಹೊಲಿದರು.

ಕುರಿಗಳು ಎದ್ದವು. ಮರುದಿನ ಕೆಲವು, ಅದರ ಮರುದಿನ ಇನ್ನೂ ಕೆಲವು, ಗಂಟಲಿಗೆ ಉಂಡೆ ಏರಿಸಿ ದವಡೆ ಆಡಿಸಿದವು. ಆ ಮೇಲೆ ಸತ್ತದ್ದು ಒಂದೇ ಕುರಿ. ಮರಿಗಳಿಗೆ ಹಾಲು ಇಳಿಯಿತು. ಟಗರು ಮಾತ್ರ ತಲೆ ಕೆಳಗೆ ಹಾಕಿ ನಿಂತಿತ್ತು. ಹೊಲಿಗೆ ಊದಿ ಬಿಸಿಯಾಯಿತು, ಜ್ವರ ಬಂತು. ವೈದ್ಯರು ದಿನಾ ಬಂದು ಸೂಜಿ ಚುಚ್ಚಿದರು. ಅವರ ಜೋರು ಮಾತು ನಿಂತುಹೋಗಿತ್ತು. ಒಂದು ಬೆಳಿಗ್ಗೆ ಅದು ಗುಡಾರದ ಬಾಗಿಲಲ್ಲೇ ಸತ್ತಿತು. ಅದರ ಮಾಂಸ ಯಾರೂ ಮುಟ್ಟುವಂತಿಲ್ಲ. ಕುರಿಗಾರ ಒಬ್ಬನೇ ಗುಂಡಿ ತೋಡಿದ, ಭಂಡಾರ ಚೆಲ್ಲಿ ಮಣ್ಣು ಎಳೆದ. ಹೆಂಡತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ನನಗೆ ಹೇಳಿದಳು.

ಮಳೆಗಾಲ ಕಳೆದ ಮೇಲೆ ನಾನು ನಾರಾಯಣಪುರದ ಕಡೆ ಅವರ ಊರಿಗೇ ಹೋದೆ. ಕುರಿಗಳ ಹೊಟ್ಟೆಯ ನೀರನ್ನು ನಡುವೆ ಎರಡು ಸಲ ಲ್ಯಾಬಿಗೆ ತಂದು ನೋಡಿದ್ದೆ. ಟಗರಿನ ಅದೇ ಬ್ಯಾಕ್ಟೀರಿಯಾ, ಅದೇ ಪ್ರೋಟೀನು, ಎಲ್ಲ ಕುರಿಗಳಲ್ಲೂ ಸೊಂಪಾಗಿ ಬೆಳೆದಿತ್ತು. ನನ್ನ ಕೆಲಸದಲ್ಲಿ ಅಷ್ಟು ಖುಷಿ ಕೊಟ್ಟ ಫಲಿತಾಂಶ ಬೇರೆ ಇಲ್ಲ. ಅದನ್ನು ಹೇಳಬೇಕೆಂದೇ ಹೊರಟಿದ್ದೆ.

ಅವಳು ಊರ ಹೊರಗೆ ರಸ್ತೆಯಲ್ಲೇ ಕಾದಿದ್ದಳು. ಸೊರಗಿದ್ದಳು, ಕೆನ್ನೆಯ ಮೂಳೆ ಕಾಣುತ್ತಿತ್ತು.

"ಬಾಯಾರ, ಹಟ್ಟಿಗಿ ಹೋಗೂ ಮೊದ್ಲ ಒಂದ್ ಮಾತ ಕೇಳ್ರಿ. ಇವರು ಒಂದ್ ಕುರಿನೂ ಮಾರವಲ್ರು. ಯಾಪಾರಿ ಬಂದು ವಾಪಸ್ ಹೋದ. ಬೀರಪ್ಪನ ಟಗರಿನ ಜೀವ ಇವುಗಳ ಹೊಟ್ಟ್ಯಾಗ ಅದ, ಇವೆಲ್ಲಾ ಈಗ ದೇವ್ರ ಕುರಿ ಅಂತಾರ. ಹುಟ್ಟಿದ ಮರಿ ಸುದ್ದಾ ಮಾರಂಗಿಲ್ಲಂತ. ಮಾರಲಾರದ ನಾವು ಏನ್ ತಿನ್ನೂಣ್ರಿ? ನಿಮ್ಮ ಮಾತ ಕೇಳ್ತಾರ. ಟಗರಿನ ಆ ಜೀವ ಯಾವಾಗೋ ಹೋಗ್ಯಾವ ಅಂತ ಒಂದ್ ಮಾತ ಹೇಳಿಬಿಡ್ರಿ."

ಆಗಲಿ ಎಂದೆ. ಮನಸಾರೆ ಎಂದೆ.

ಕುರಿಗಾರ ನನ್ನನ್ನು ಕಂಡು ಕಂಬಳಿ ಹಾಸಿ ಕೂರಿಸಿದ. ಮೊದಲಿಗಿಂತ ಹಗುರಾಗಿದ್ದ, ಮುಖದಲ್ಲಿ ಒಂದು ಬಗೆಯ ಸಮಾಧಾನವಿತ್ತು. ಅದನ್ನು ಕಂಡು ನನಗೆ ಭಯವಾಯಿತು.

"ಎಂಜಲ ಒಯ್ದಿದ್ರಲ್ಲ, ನೋಡಿದ್ರೇನ್ರಿ?" ಎಂದ. "ಟಗರಿಂದು ಇನ್ನಾ ಅದಾವ?"

ಇಲ್ಲ ಎನ್ನುವುದಕ್ಕೆ ಬಾಯಿ ತೆರೆದೆ. ಅವನು ನನ್ನ ಕಣ್ಣನ್ನೇ ನೋಡುತ್ತಿದ್ದ. ಖರೆ ಖರೆ ಹೇಳ್ರಿ ಎಂದು ಅವತ್ತು ಕೇಳಿ, ನನ್ನ ಮಾತಿಗೆ ತನ್ನ ದೇವರ ಟಗರನ್ನು ಕೊಟ್ಟವನು. ಸುಳ್ಳು ನಾಲಿಗೆಯ ಮೇಲೆ ಬರಲೊಲ್ಲದು. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಅದು ನಿಜವೂ ಆಗಿತ್ತು. ಹಾಗಾಗಿಯೇ ಅದನ್ನು ನೆಚ್ಚಿದೆ.

"ಅದಾವ್ರಿ ಯಜಮಾನ್ರ. ಆದ್ರ ಅವು ಟಗರಿನ್ವು ಅಲ್ಲ. ಮರಿ ಹುಟ್ಟಿದಾಗ ಅದರ ಹೊಟ್ಟ್ಯಾಗ ಏನೂ ಇರಂಗಿಲ್ಲ. ಅವ್ವ ನೆಕ್ಕಿದಾಗ, ಹಿಂಡಿನ್ಯಾಗ ಕೂಡಿ ಮೇಯ್ದಾಗ ಆ ಜೀವ ಬರ್ತಾವ. ಟಗರಿಗಿ ಅವು ಬಂದಿದ್ದು ಈ ಹಿಂಡಿನಿಂದನೇ. ಹಿಂಡಿಂದು ಹಿಂಡಿಗಿ ವಾಪಸ್ ಬಂತು, ಅಷ್ಟೇ. ದೇವ್ರಿಗಿ ಸೇರಿದ್ದು ಅದ್ರಾಗ ಏನೂ ಇಲ್ಲ."

ಅವನು ತಲೆದೂಗಿದ. ನನ್ನ ಮಾತನ್ನು ಒಂದೊಂದಾಗಿ ಒಳಗೆ ಇಳಿಸಿಕೊಳ್ಳುತ್ತಿದ್ದ. ಬಾಗಿಲಲ್ಲಿ ನಿಂತ ಅವಳ ಮುಖ ಅರಳಿತು. ನನಗೂ ಗೆದ್ದೆ ಅನ್ನಿಸಿತು.

"ಅಂದ್ರ," ಎಂದ ನಿಧಾನವಾಗಿ, "ಟಗರು ಬಿಡೂ ಮೊದ್ಲಿಂದನೂ ಅದೇ ಜೀವ ಎಲ್ಲಾವುದರಾಗೂ ಇತ್ತು."

"ಹೌದ್ರಿ."

"ನಮ್ಮಪ್ಪನ ಕುರಿಗೋಳಾಗೂ?"

"ಇತ್ತು."

ಅವನು ಎರಡೂ ಕೈ ಎತ್ತಿ ಹಿಂಡಿಗೆ ಮುಗಿದ. "ಹಾಂಗಾದ್ರ ಮೊದ್ಲಿಂದನೂ ಎಲ್ಲಾ ಬೀರಪ್ಪನವೇ ಅದಾವ. ನಮಗೇ ತಿಳೀಲಿಲ್ಲ. ಅವನವ ಮಾರ್ಕೊಂಡು ತಿಂದೀವಿ, ಅದಕ್ಕೇ ಈ ಗತಿ ಬಂತು."

ಆಮೇಲೆ ನಾನು ಏನೇನೋ ಹೇಳಿದೆ. ಅವನು ಎಲ್ಲಕ್ಕೂ ಹೌದ್ರಿ ಹೌದ್ರಿ ಎಂದ, ನನಗೆ ಹಾಲು ಕಾಯಿಸಿ ಕೊಡು ಎಂದು ಹೆಂಡತಿಗೆ ಹೇಳಿದ. ಅವಳು ಕೊಟ್ಟಳು. ಹಿಂದೆಂದೂ ಇಲ್ಲದ ಸಿಟ್ಟು ನನಗೆ ಬಂದದ್ದು ಅವನ ಮೇಲಲ್ಲ, ನನ್ನ ಓದಿನ ಮೇಲೆ.

ರಸ್ತೆಯವರೆಗೆ ಅವಳು ನನ್ನ ಜೊತೆ ಬಂದಳು. ಹಳ್ಳಿಖೇಡದ ಕಡೆ ಕಬ್ಬು ಕಡಿಯುವ ಕೂಲಿಯವರ ತಂಡದಲ್ಲಿ ತನ್ನ ಹೆಸರು ಬರೆಸಿಯಾಗಿದೆ, ನಾಳೆ ಟ್ರ್ಯಾಕ್ಟರು ಬರುತ್ತದೆ ಎಂದಳು. ಕುರಿ ಕಾಯುವ ಕೈಗೆ ಕಬ್ಬಿನ ಕತ್ತಿ ಹೊಸದು. ಜೀಪಿನ ಬಾಗಿಲು ಹಾಕುವ ಮುಂಚೆ ಒಂದೇ ಮಾತು ಕೇಳಿದಳು.

"ಹೋಗ್ಯಾವ ಅಂತ ಅನ್ನಾಕ ನಿಮಗೇನಾಗಿತ್ತು ಬಾಯಾರ?"

ಅವಳ ಹಿಂದೆ ಹಟ್ಟಿಯಲ್ಲಿ ಕುರಿಗಳು ಮಲಗಿ ಮೆಲುಕು ಹಾಕುತ್ತಿದ್ದವು.